ಹಳೆಯ ಜಿಪ್ಸಿ ವಾಹನದ ಟೈಮಿಂಗ್ ಬೆಲ್ಟ್: ತಿಳಿವಳಿಕೆ ಮತ್ತು ನಿರ್ವಹಣೆ

ಪೀಠಿಕೆ

ಮಾರುತಿ ಉದ್ಯೋಗ್ ಸಂಸ್ಥೆಯು ಕೇಂದ್ರ ಸರ್ಕಾರದ ಉದ್ಯಮವಾಗಿದ್ದ ಕಾಲದಲ್ಲಿ, 1985ರ ಡಿಸೆಂಬರ್ ತಿಂಗಳಿನಲ್ಲಿ, ಜಿಪ್ಸಿ ಎಂಬ ವಾಹನವನ್ನು ಮಾರುಕಟ್ಟೆಗೆ ತಂದಿತು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿಯನ್ನು ಹರಿಸಬಲ್ಲ ಈ ಹಗುರವಾದ ಪೆಟ್ರೋಲ್ ವಾಹನದ ಮೊದಲ ಮಾದರಿಗಳಲ್ಲಿ 970 ಘನ ಸೆಂಟಿಮೀಟರ್ ಗಾತ್ರದ ಎಂಜಿನ್ ಇತ್ತು. 1996ರಲ್ಲಿ 1298 ಘನ ಸೆಂಟಿಮೀಟರಿನ ಎಂಜಿನ್ನುಳ್ಳ ಜಿಪ್ಸಿ ಕಿಂಗ್ ಬಂದಿತು. 2000ದಲ್ಲಿ ಕಾರ್ಬ್ಯುರೇಟರಿನ ಬದಲು ಎಂಪಿಎಫ್ಐ ವ್ಯವಸ್ಥೆಯನ್ನು ಅಳವಡಿಸಲಾಯಿತು. ಸೇನೆ, ಪೊಲೀಸ್ ಇಲಾಖೆ, ಅಭಯಾರಣ್ಯಗಳ ಪ್ರವಾಸ ಸೇವೆ, ಮೋಟಾರು ರ‍್ಯಾಲಿ ಹೀಗೆ ನಾನಾ ಕ್ಷೇತ್ರಗಳಲ್ಲಿ ದುಡಿದ ಈ ವಾಹನದ ಮಾರಾಟವು ಸಾಮಾನ್ಯ ಗ್ರಾಹಕರ ಮಟ್ಟಿಗೆ 2019ರಲ್ಲಿ ನಿಂತುಹೋಯಿತು.

ಆದುದರಿಂದ ಇಂದು ರಸ್ತೆಯ ಮೇಲೆ ಕಾಣುವ ಖಾಸಗಿ ಜಿಪ್ಸಿಗಳೆಲ್ಲವೂ ಹಳೆಯವೇ. ಎರಡನೆಯ ಅಥವಾ ಮೂರನೆಯ ಒಡೆಯರ ಕೈಗೆ ಬಂದಿರುವ ವಾಹನಗಳೇ ಅವುಗಳಲ್ಲಿ ಬಹಳ. ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿಯೂ ಇಂತಹ ವಾಹನವನ್ನು ಅಕ್ಕರೆಯಿಂದ ಇಟ್ಟುಕೊಂಡವರು ಇದ್ದಾರೆ. ವಾರಾಂತ್ಯದಲ್ಲಿ ಸಹ್ಯಾದ್ರಿಯ ಕಚ್ಚಾ ದಾರಿಗಳಲ್ಲಿ ಹೋಗುವುದು, ಹಬ್ಬಕ್ಕೆಂದು ಘಾಟಿಗಳನ್ನು ದಾಟಿ ಊರಿಗೆ ಬರುವುದು ಇವರಿಗೆ ವಾಡಿಕೆ. ಇಂತಹವರು ಟೈರು, ಬ್ಯಾಟರಿ, ಬ್ರೇಕುಗಳ ವಿಷಯದಲ್ಲಿ ಸಾಮಾನ್ಯವಾಗಿ ಜಾಗರೂಕರಾಗಿರುತ್ತಾರೆ. ಆದರೆ ಎಂಜಿನ್ನಿನ ಮುಂಭಾಗದಲ್ಲಿ, ಮುಚ್ಚಳದ ಹಿಂದೆ ಅಡಗಿರುವ ಟೈಮಿಂಗ್ ಬೆಲ್ಟ್ ಎಂಬ ರಬ್ಬರಿನ ಪಟ್ಟಿಯನ್ನು ಮರೆತುಬಿಡುವವರೇ ಹೆಚ್ಚು. ಕಣ್ಣಿಗೆ ಕಾಣದ, ಸದ್ದು ಮಾಡದ, ಮುನ್ಸೂಚನೆ ಕೊಡದೆ ತುಂಡಾಗಬಲ್ಲ ಈ ಭಾಗದ ಕೆಲಸವೇನು, ಅದನ್ನು ಯಾವಾಗ ಮತ್ತು ಹೇಗೆ ಬದಲಾಯಿಸಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಟೈಮಿಂಗ್ ಎಂದರೇನು?

ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿನಲ್ಲಿಯೂ ನಾಲ್ಕು ಹಂತಗಳ ಕಾರ್ಯ ನಡೆಯುತ್ತದೆ. ಮೊದಲನೆಯ ಹಂತದಲ್ಲಿ ಪಿಸ್ಟನ್ ಕೆಳಗಿಳಿಯುತ್ತ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಡನೆಯ ಹಂತದಲ್ಲಿ ಮೇಲೇರುತ್ತ ಅದನ್ನು ಅದುಮುತ್ತದೆ. ಮೂರನೆಯ ಹಂತದಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ನಾಲ್ಕನೆಯ ಹಂತದಲ್ಲಿ ಪಿಸ್ಟನ್ ಮತ್ತೆ ಮೇಲೇರಿ ಹೊಗೆಯನ್ನು ಹೊರದಬ್ಬುತ್ತದೆ. ಮಿಶ್ರಣ ಒಳಬರುವ ದಾರಿಯನ್ನೂ ಹೊಗೆ ಹೊರಹೋಗುವ ದಾರಿಯನ್ನೂ ತೆರೆದು ಮುಚ್ಚುವ ಬಾಗಿಲುಗಳೇ ವಾಲ್ವ್ ಎಂದು ಕರೆಯಲಾಗುವ ಕವಾಟಗಳು.

ಪಿಸ್ಟನ್ನುಗಳ ಏರಿಳಿತವು ಎಂಜಿನ್ನಿನ ಕೆಳಭಾಗದಲ್ಲಿರುವ ಕ್ರ್ಯಾಂಕ್ ಶಾಫ್ಟನ್ನು ತಿರುಗಿಸುತ್ತದೆ. ಕವಾಟಗಳನ್ನು ತೆರೆಯುವುದು ಮೇಲ್ಭಾಗದಲ್ಲಿರುವ ಕ್ಯಾಮ್ ಶಾಫ್ಟಿನ ಕೆಲಸ. ನಾಲ್ಕು ಹಂತಗಳು ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗಬೇಕು. ಈ ಎರಡಕ್ಕೆ ಒಂದರ ಲೆಕ್ಕವು ಒಂದು ಹಲ್ಲಿನಷ್ಟೂ ತಪ್ಪದಂತೆ ಎರಡು ಶಾಫ್ಟುಗಳನ್ನು ಜೋಡಿಸಿ ಹಿಡಿದಿರುವ ವ್ಯವಸ್ಥೆಯನ್ನೇ ಟೈಮಿಂಗ್ ಎನ್ನುತ್ತಾರೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಕವಾಟವೂ ನಿಮಿಷಕ್ಕೆ 1500 ಬಾರಿ, ಅಂದರೆ ಸೆಕೆಂಡಿಗೆ 25 ಬಾರಿ, ತೆರೆದು ಮುಚ್ಚಿಕೊಳ್ಳುತ್ತದೆ. ಇಷ್ಟು ವೇಗದ ಕೆಲಸದಲ್ಲಿ ಲೆಕ್ಕ ತಪ್ಪಿದರೆ ಎಂಜಿನ್ ನಡೆಯಲಾರದು.

ಜೋಡಣೆಯ ಮೂರು ಬಗೆಗಳು

ಕ್ರ್ಯಾಂಕ್ ಮತ್ತು ಕ್ಯಾಮ್ ಶಾಫ್ಟುಗಳನ್ನು ಮೂರು ವಿಧಗಳಲ್ಲಿ ಜೋಡಿಸುವುದುಂಟು. ಹಲ್ಲಿನ ಚಕ್ರಗಳ ಮೂಲಕ ಜೋಡಿಸುವುದು ಮೊದಲನೆಯದು. ಮಹೀಂದ್ರ ಸಂಸ್ಥೆಯ ಹಳೆಯ ಪೆಟ್ರೋಲ್ ಜೀಪುಗಳಲ್ಲಿದ್ದ ಹರಿಕೇನ್ ಎಂಜಿನ್ ಈ ಬಗೆಯದು. ಸೈಕಲ್ಲಿನಲ್ಲಿರುವಂತಹ ಸರಪಳಿಯನ್ನು ಬಳಸುವುದು ಎರಡನೆಯದು. ಒಳಬದಿಯಲ್ಲಿ ಹಲ್ಲುಗಳಿರುವ ರಬ್ಬರಿನ ಬೆಲ್ಟನ್ನು ಬಳಸುವುದು ಮೂರನೆಯದು. ಜಿಪ್ಸಿಯ ಎಂಜಿನ್ ಮೂರನೆಯ ಬಗೆಗೆ ಸೇರುತ್ತದೆ.

ಹಲ್ಲಿನ ಚಕ್ರಗಳೂ ಸರಪಳಿಯೂ ಎಂಜಿನ್ ಆಯಿಲಿನಲ್ಲಿ ನೆನೆಯುತ್ತ ಕೆಲಸ ಮಾಡುತ್ತವೆ. ಅವು ಸವೆದಾಗ ಸಾಮಾನ್ಯವಾಗಿ ಗಲಗಲ ಸದ್ದು ಕೇಳಿಸಿ ಚಾಲಕನಿಗೆ ಎಚ್ಚರಿಕೆ ದೊರೆಯುತ್ತದೆ. ಸಕಾಲದಲ್ಲಿ ಆಯಿಲ್ ಬದಲಾಯಿಸುವುದೇ ಅವುಗಳ ಮುಖ್ಯ ಆರೈಕೆ. ಬೆಲ್ಟಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ಅದು ಒಣ ಸ್ಥಳದಲ್ಲಿ ಕೆಲಸ ಮಾಡಬೇಕು, ಆಯಿಲ್ ತಗುಲಿದರೆ ಕೆಡುತ್ತದೆ. ಹಗುರವಾಗಿ, ಸದ್ದಿಲ್ಲದೆ ತಿರುಗುವುದು ಅದರ ಗುಣ. ಅದೇ ಅದರ ದೋಷವೂ ಹೌದು. ರಬ್ಬರಿನೊಳಗೆ ಬಲಕ್ಕಾಗಿ ಹೆಣೆದಿರುವ ಗಾಜಿನ ನಾರಿನ ಎಳೆಗಳು ಒಂದೊಂದಾಗಿ ಹರಿಯುತ್ತಿದ್ದರೂ ಹೊರಗೆ ಯಾವ ಸದ್ದೂ ಕೇಳಿಸದೆ ಇರಬಹುದು. ಹಿಂದಿನ ದಿನ ಚೆನ್ನಾಗಿಯೇ ಓಡಿದ ವಾಹನ ಮರುದಿನ ನಡುದಾರಿಯಲ್ಲಿ ನಿಲ್ಲುವುದು ಈ ಕಾರಣದಿಂದ.

ಬೆಲ್ಟ್ ತುಂಡಾದರೆ ಏನಾಗುತ್ತದೆ?

ಬೆಲ್ಟ್ ತುಂಡಾದ ಕ್ಷಣದಲ್ಲಿಯೇ ಕ್ಯಾಮ್ ಶಾಫ್ಟ್ ನಿಂತು ಎಂಜಿನ್ ಆರಿಹೋಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದು ಬರಿಯ ತೊಂದರೆ. ಆದರೆ ಖಂಡಾಲಾ, ಖಂಬಾಟ್ಕಿ ಅಥವಾ ಅಂಬೋಲಿಯಂತಹ ಘಾಟಿಯ ಇಳಿಜಾರಿನಲ್ಲಿ ಇದು ಪ್ರಾಣಾಪಾಯಕ್ಕೆ ದಾರಿಯಾಗಬಹುದು. ಬ್ರೇಕಿಗೆ ನೆರವಾಗುವ ಬೂಸ್ಟರ್ ತನ್ನ ಬಲವನ್ನು ಎಂಜಿನ್ನಿನ ನಿರ್ವಾತ ಎಳೆತದಿಂದ ಪಡೆಯುತ್ತದೆ. ಎಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತವು ಕೆಲವೇ ಸಲದ ಒತ್ತಡಕ್ಕೆ ಸಾಕಾಗುತ್ತದೆ. ಅನಂತರ ಬ್ರೇಕಿನ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬ್ರೇಕ್ ಆಗ ಪೂರ್ತಿ ಇಲ್ಲವಾಗುವುದಿಲ್ಲ. ಆದರೆ ವಾಹನವನ್ನು ನಿಲ್ಲಿಸಲು ಕಾಲಿನ ಬಲವನ್ನೆಲ್ಲ ಹಾಕಬೇಕಾಗುತ್ತದೆ. ಇಂತಹ ಸಂದರ್ಭದಲ್ಲಿ ಪೆಡಲನ್ನು ಪದೇ ಪದೇ ಬಿಟ್ಟು ಒತ್ತಬಾರದು. ಒಂದೇ ಸಲ ಬಲವಾಗಿ ಒತ್ತಿ ಹಿಡಿದು, ಕೈಬ್ರೇಕಿನ ನೆರವನ್ನು ನಿಧಾನವಾಗಿ ಪಡೆಯುತ್ತ, ವಾಹನವನ್ನು ರಸ್ತೆಯ ಬದಿಗೆ ತರಬೇಕು. ಬಳಿಕ ಚಕ್ರಗಳಿಗೆ ಕಲ್ಲನ್ನು ಆಸರೆಯಾಗಿ ಕೊಡಬೇಕು.

ಎರಡನೆಯದು ಎಂಜಿನ್ನಿಗೆ ಆಗಬಹುದಾದ ಹಾನಿ. ಕೆಲವು ವಿನ್ಯಾಸಗಳಲ್ಲಿ ತೆರೆದು ನಿಂತ ಕವಾಟಕ್ಕೂ ಮೇಲೇರುವ ಪಿಸ್ಟನ್ನಿಗೂ ನಡುವೆ ಸ್ಥಳ ಉಳಿದಿರುತ್ತದೆ. ಮತ್ತೆ ಕೆಲವು ವಿನ್ಯಾಸಗಳಲ್ಲಿ ಪಿಸ್ಟನ್ ಬಂದು ಕವಾಟಕ್ಕೆ ಬಡಿಯುತ್ತದೆ, ಕವಾಟ ಬಾಗುತ್ತದೆ, ಸಿಲಿಂಡರ್ ಹೆಡ್ಡನ್ನು ಬಿಚ್ಚಿ ದುರಸ್ತಿ ಮಾಡಿಸಬೇಕಾಗುತ್ತದೆ. ಮೂವತ್ತು ವರ್ಷಗಳಲ್ಲಿ ಹೆಡ್ಡನ್ನು ಉಜ್ಜಿಸಿದ, ಬೇರೊಂದು ಎಂಜಿನ್ನನ್ನೇ ಕೂರಿಸಿದ ವಾಹನಗಳೂ ಇರುವುದರಿಂದ, ತಮ್ಮ ಎಂಜಿನ್ ಬಡಿಯದ ಬಗೆಯದು ಎಂಬ ಕೇಳಿದ ಮಾತಿನ ಮೇಲೆ ಒಡೆಯರು ಭರವಸೆ ಇಡದಿರುವುದು ಲೇಸು.

ನಡುದಾರಿಯಲ್ಲಿ ಎಂಜಿನ್ ನಿಂತಾಗ ಕಾರಣವು ಬೆಲ್ಟೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಬೆಲ್ಟ್ ತುಂಡಾದಾಗ ಸ್ಟಾರ್ಟರ್ ಎಂಜಿನ್ನನ್ನು ಎಂದಿಗಿಂತ ಹಗುರವಾಗಿ, ಬೇಗನೆ ಸುತ್ತಿಸುತ್ತದೆ. ಆದರೆ ಎಂಜಿನ್ ಹತ್ತುವುದಿಲ್ಲ. ಜಿಪ್ಸಿಯ ಕಾರ್ಬ್ಯುರೇಟರ್ ಮಾದರಿಗಳಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್ ಶಾಫ್ಟಿನಿಂದಲೇ. ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು, ಒಬ್ಬರು ಸ್ಟಾರ್ಟರನ್ನು ಕ್ಷಣಕಾಲ ಒತ್ತಿದಾಗ ಇನ್ನೊಬ್ಬರು ದೂರದಿಂದ ನೋಡಬೇಕು. ಒಳಗಿನ ರೋಟರ್ ತಿರುಗದಿದ್ದರೆ ಬೆಲ್ಟ್ ಹೋಗಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಆಮೇಲೆ ಸ್ಟಾರ್ಟರನ್ನು ಮತ್ತೆ ಮತ್ತೆ ಒತ್ತುವುದಾಗಲಿ, ವಾಹನವನ್ನು ತಳ್ಳಿ ಎಂಜಿನ್ ಹತ್ತಿಸಲು ಯತ್ನಿಸುವುದಾಗಲಿ ಕೂಡದು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಎಳೆಸಿಕೊಂಡು ಹೋಗುವುದೇ ಸರಿಯಾದ ದಾರಿ.

ಕಿಲೋಮೀಟರ್ ಲೆಕ್ಕ ಸಾಲದು

ರಬ್ಬರಿನ ಟೈಮಿಂಗ್ ಬೆಲ್ಟುಗಳಿಗೆ ತಯಾರಕರು ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರುಗಳ ನಡುವಿನ ಆಯಸ್ಸನ್ನು ಗೊತ್ತುಪಡಿಸುತ್ತಿದ್ದರು. ತಮ್ಮ ಮಾದರಿಯ ಕೈಪಿಡಿಯಲ್ಲಿರುವ ಅಂಕಿಯೇ ಒಡೆಯರಿಗೆ ಆಧಾರವಾಗಬೇಕು. ಆದರೆ ಹಳೆಯ ಜಿಪ್ಸಿಯ ವಿಷಯದಲ್ಲಿ ಈ ಅಂಕಿಯೊಂದನ್ನೇ ನಂಬುವುದು ಮೂರು ಕಾರಣಗಳಿಂದ ಸರಿಯಲ್ಲ.

ಮೊದಲನೆಯದಾಗಿ, ರಬ್ಬರಿಗೆ ವಯಸ್ಸಾಗುತ್ತದೆ. ವಾಹನ ಓಡಲಿ ಬಿಡಲಿ, ಶಾಖ ಮತ್ತು ಗಾಳಿಯ ಸಂಪರ್ಕದಿಂದ ರಬ್ಬರ್ ಗಡುಸಾಗಿ ಬಿರಿಯುತ್ತದೆ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಮಾತ್ರ ಓಡುವ ವಾಹನಕ್ಕೆ 60,000 ತುಂಬಲು ಇಪ್ಪತ್ತು ವರ್ಷ ಬೇಕು. ಅಷ್ಟು ಕಾಲ ಆ ಬೆಲ್ಟ್ ಬಾಳುತ್ತದೆಂದು ಭಾವಿಸುವುದು ಸಾಧ್ಯವಿಲ್ಲ. ಆದುದರಿಂದ ಐದು ವರ್ಷಗಳಿಗೊಮ್ಮೆ ಬೆಲ್ಟ್ ಬದಲಾಯಿಸುವ ನಿಯಮವನ್ನು ಹಾಕಿಕೊಳ್ಳುವುದು ವಿವೇಕದ ಕ್ರಮ.

ಎರಡನೆಯದಾಗಿ, ಕಚ್ಚಾ ದಾರಿಯ ಒಂದು ಕಿಲೋಮೀಟರ್ ಹೆದ್ದಾರಿಯ ಒಂದು ಕಿಲೋಮೀಟರಿಗೆ ಸಮನಲ್ಲ. ಒಂದು ಉದಾಹರಣೆ ನೋಡೋಣ. ಹೆದ್ದಾರಿಯಲ್ಲಿ ಮೇಲಿನ ಗೇರಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ಒಂದು ಕಿಲೋಮೀಟರ್ ಕ್ರಮಿಸಲು 45 ಸೆಕೆಂಡು ಬೇಕಾಗಿ, ಅಷ್ಟರಲ್ಲಿ ಎಂಜಿನ್ 2250 ಸುತ್ತು ತಿರುಗಿರುತ್ತದೆ. ಅದೇ ವಾಹನವು ಲೋ ರೇಂಜ್ ಗೇರಿನಲ್ಲಿ, ಅಷ್ಟೇ ಸುತ್ತುಗಳಲ್ಲಿ, ಗಂಟೆಗೆ 10 ಕಿಲೋಮೀಟರ್ ವೇಗದಿಂದ ಗುಡ್ಡ ಹತ್ತುವಾಗ ಒಂದು ಕಿಲೋಮೀಟರಿಗೆ 6 ನಿಮಿಷ ಬೇಕು. ಎಂಜಿನ್ನಿನ ಸುತ್ತುಗಳು 18,000 ಆಗುತ್ತವೆ. ಬೆಲ್ಟಿನ ಪಾಲಿಗೆ ಇದು ಎಂಟು ಕಿಲೋಮೀಟರಿನ ದುಡಿಮೆ. ಮೀಟರಿನಲ್ಲಿ ಏರಿದ್ದು ಒಂದೇ ಕಿಲೋಮೀಟರ್! ಕಾಡಿನಲ್ಲಿ ಹೆಚ್ಚಾಗಿ ಓಡಿದ ಜಿಪ್ಸಿಯ ಮೀಟರಿನ ಅಂಕಿಯು ಬೆಲ್ಟಿನ ದುಡಿಮೆಯನ್ನು ತೋರಿಸುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೂರನೆಯದಾಗಿ, ಕೈ ಬದಲಾದ ವಾಹನದ ಮೀಟರ್ ನಿಜವನ್ನೇ ಹೇಳುತ್ತದೆಂಬ ಖಾತರಿಯಿಲ್ಲ. ಕೇಬಲ್ ತುಂಡಾಗಿ ಮೀಟರ್ ವರ್ಷಗಟ್ಟಲೆ ನಿಂತಿರಬಹುದು, ಬದಲಾಗಿರಲೂಬಹುದು. ಹಿಂದಿನ ಒಡೆಯರು ಬೆಲ್ಟ್ ಬದಲಾಯಿಸಿದ ರಸೀದಿಯನ್ನು ತೋರಿಸದಿದ್ದರೆ, ಬೆಲ್ಟ್ ಬದಲಾಗಿಲ್ಲವೆಂದೇ ಭಾವಿಸಿ, ಖರೀದಿಸಿದ ಮೊದಲ ತಿಂಗಳಲ್ಲಿಯೇ ಹೊಸದನ್ನು ಹಾಕಿಸಬೇಕು.

ಬೆಲ್ಟಿನ ಶತ್ರುಗಳು

ಬೆಲ್ಟನ್ನು ಕೆಡಿಸುವ ಮುಖ್ಯ ಕಾರಣಗಳು ಇವು:

1. ಆಯಿಲ್ ಸೋರಿಕೆ: ಕ್ರ್ಯಾಂಕ್ ಶಾಫ್ಟಿನ ಮುಂದಿನ ಆಯಿಲ್ ಸೀಲ್ ಮತ್ತು ಕ್ಯಾಮ್ ಶಾಫ್ಟಿನ ಆಯಿಲ್ ಸೀಲ್ ಎರಡೂ ಬೆಲ್ಟಿನ ಮುಚ್ಚಳದ ಒಳಗಿವೆ. ಇವು ಒಣಗಿ ಬಿರಿದಾಗ ಆಯಿಲ್ ಬೆಲ್ಟಿನ ಮೇಲೆ ಹರಡುತ್ತದೆ. ಆಯಿಲಿನಲ್ಲಿ ನೆಂದ ರಬ್ಬರ್ ಉಬ್ಬಿ ಮೆತ್ತಗಾಗಿ ಹಲ್ಲುಗಳು ಕಿತ್ತುಬರುತ್ತವೆ.

2. ಕೆಸರು ಮತ್ತು ನೀರು: ಹಳ್ಳ ದಾಟುವಾಗ ಒಳನುಗ್ಗಿದ ಕೆಸರು ಒಣಗಿ ಮರಳಾಗಿ ಹಲ್ಲುಗಳ ಸಂದಿನಲ್ಲಿ ಕೂರುತ್ತದೆ. ಮುಚ್ಚಳದ ಅಂಚಿನಲ್ಲಿರುವ ರಬ್ಬರಿನ ಪಟ್ಟಿಯು ಹರಿದಿದ್ದರೆ ಅಥವಾ ಮುಚ್ಚಳದ ಬೋಲ್ಟುಗಳು ಕಳೆದುಹೋಗಿದ್ದರೆ ಈ ತೊಂದರೆ ಹೆಚ್ಚು.

3. ಟೆನ್ಷನರ್: ಬೆಲ್ಟನ್ನು ಹದವಾಗಿ ಬಿಗಿಯಾಗಿಡುವ ರಾಟೆ ಇದು. ಇದರ ಬೇರಿಂಗ್ ಒಣಗಿ ಸಿಕ್ಕಿಕೊಂಡರೆ ಹೊಸ ಬೆಲ್ಟ್ ಕೂಡ ಕೆಲವೇ ದಿನಗಳಲ್ಲಿ ಸುಟ್ಟುಹೋಗಬಹುದು.

4. ತಪ್ಪಾದ ಬಿಗಿತ: ಸಡಿಲವಾದ ಬೆಲ್ಟ್ ಹಲ್ಲು ಹಾರುತ್ತದೆ. ಅತಿಯಾಗಿ ಬಿಗಿದ ಬೆಲ್ಟ್ ತಾನೂ ಬೇಗ ಸವೆದು ಬೇರಿಂಗನ್ನೂ ಸವೆಸುತ್ತದೆ.

5. ಅಜಾಗರೂಕತೆಯ ನಿರ್ವಹಣೆ: ಹೊಸ ಬೆಲ್ಟನ್ನು ಮಡಿಸುವುದು, ತಿರುಚುವುದು, ಗ್ರೀಸ್ ಹತ್ತಿದ ಕೈಯಿಂದ ಹಿಡಿಯುವುದು, ಸ್ಕ್ರೂ ಡ್ರೈವರಿನಿಂದ ಮೀಟಿ ಕೂರಿಸುವುದು ಇವೆಲ್ಲ ಒಳಗಿನ ಗಾಜಿನ ನಾರನ್ನು ಮುರಿಯುತ್ತವೆ. ಹೀಗೆ ಆದ ಹಾನಿಯು ಹೊರಗಿನಿಂದ ಕಾಣುವುದಿಲ್ಲ.

ಪರೀಕ್ಷೆಯ ಮಿತಿ

ಬೆಲ್ಟಿನ ಬೆನ್ನಿನಲ್ಲಿ ಬಿರುಕು, ಅಂಚಿನಲ್ಲಿ ಎದ್ದ ನೂಲು, ಬುಡದಲ್ಲಿ ಸೀಳಿದ ಹಲ್ಲು, ಆಯಿಲಿನ ಹೊಳಪು ಇವುಗಳಲ್ಲಿ ಯಾವುದು ಕಂಡರೂ ಬೆಲ್ಟನ್ನು ತಡಮಾಡದೆ ಬದಲಾಯಿಸಬೇಕು. ಆದರೆ ಇವು ಕಾಣದ ಮಾತ್ರಕ್ಕೆ ಬೆಲ್ಟ್ ಗಟ್ಟಿಯಾಗಿದೆ ಎಂದು ಹೇಳಲಾಗದು. ಅಲ್ಲದೆ ಜಿಪ್ಸಿಯಲ್ಲಿ ಹೊರ ಮುಚ್ಚಳವನ್ನು ಪೂರ್ತಿಯಾಗಿ ತೆಗೆಯಬೇಕಾದರೆ ಫ್ಯಾನ್, ಅದರ ಬೆಲ್ಟ್, ನೀರಿನ ಪಂಪಿನ ಪುಲ್ಲಿ, ಕ್ರ್ಯಾಂಕ್ ಪುಲ್ಲಿ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ನೋಡುವುದಕ್ಕೆ ಬೇಕಾಗುವ ಶ್ರಮವೂ ಬದಲಾಯಿಸುವುದಕ್ಕೆ ಬೇಕಾಗುವ ಶ್ರಮವೂ ಹೆಚ್ಚುಕಡಿಮೆ ಒಂದೇ. ಆದುದರಿಂದ ವಯಸ್ಸು ತಿಳಿಯದ ಬೆಲ್ಟನ್ನು ನೋಡಿ, ಚೆನ್ನಾಗಿಯೇ ಇದೆಯೆಂದು ಮತ್ತೆ ಅದನ್ನೇ ಮುಚ್ಚಿಡುವುದು ಉಳಿತಾಯವಲ್ಲ.

ಇದೇ ತರ್ಕವು ಸುತ್ತಲಿನ ಭಾಗಗಳಿಗೂ ಅನ್ವಯಿಸುತ್ತದೆ. ಬೆಲ್ಟ್ ಬದಲಾಯಿಸುವಾಗ ಟೆನ್ಷನರ್, ಅದರ ಸ್ಪ್ರಿಂಗ್, ಎರಡು ಆಯಿಲ್ ಸೀಲುಗಳು ಇವನ್ನೂ ಬದಲಾಯಿಸಬೇಕು. ನೀರಿನ ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುವುದಿಲ್ಲವಾದರೂ, ಆ ಪಂಪನ್ನು ಬಿಚ್ಚಲು ಟೈಮಿಂಗ್ ಬೆಲ್ಟನ್ನು ತೆಗೆಯಲೇಬೇಕು. ಹೀಗಾಗಿ ಪಂಪಿನ ಶಾಫ್ಟಿನಲ್ಲಿ ಅಲುಗಾಟವಾಗಲಿ, ಕೆಳಗಿನ ರಂಧ್ರದಲ್ಲಿ ನೀರಿನ ಕಲೆಯಾಗಲಿ ಕಂಡರೆ ಅದನ್ನೂ ಆಗಲೇ ಬದಲಾಯಿಸುವುದು ಸೂಕ್ತ. ಆರು ತಿಂಗಳ ಬಳಿಕ ಚಿಕ್ಕದೊಂದು ಸೀಲಿಗಾಗಿ ಇಡೀ ಕೆಲಸವನ್ನು ಮತ್ತೆ ಮಾಡಿಸುವ ಪ್ರಸಂಗ ಇದರಿಂದ ತಪ್ಪುತ್ತದೆ.

ಬದಲಾಯಿಸುವ ಕ್ರಮ

ಈ ಕೆಲಸವನ್ನು ಅನುಭವಿಯಾದ ಮೆಕ್ಯಾನಿಕ್ ಮಾಡುವುದು ಒಳ್ಳೆಯದು. ಆದರೆ ಕ್ರಮವನ್ನು ತಿಳಿದ ಒಡೆಯರು ಹತ್ತಿರ ನಿಂತು ಪ್ರತಿ ಹಂತವನ್ನೂ ಗಮನಿಸಬಹುದು. ಗ್ಯಾರೇಜಿನ ಮಾತು ಮರಾಠಿಯಿರಲಿ, ತಮಿಳಿರಲಿ, ತೆಲುಗು ಅಥವಾ ಹಿಂದಿಯಿರಲಿ, ಈ ಭಾಗಗಳ ಹೆಸರುಗಳು ಎಲ್ಲೆಡೆಯೂ ಒಂದೇ ಆಗಿರುವುದರಿಂದ ಪ್ರಶ್ನೆ ಕೇಳಲು ಭಾಷೆಯು ಅಡ್ಡಿಯಾಗದು.

1. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ವಾಹನವು ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು. ಗೇರ್ ನ್ಯೂಟ್ರಲ್‌ನಲ್ಲಿದ್ದು, ಕೈಬ್ರೇಕ್ ಎಳೆದು, ಚಕ್ರಗಳಿಗೆ ತಡೆ ಕೊಟ್ಟಿರಬೇಕು. ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಬೇಕು.

2. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದರೆ ಎಂಜಿನ್ನನ್ನು ಕೈಯಿಂದ ತಿರುಗಿಸುವುದು ಸುಲಭ. ತಂತಿಗಳಿಗೆ ಸಂಖ್ಯೆಯ ಚೀಟಿ ಅಂಟಿಸಿಡಬೇಕು. ಪ್ಲಗ್ಗಿನ ರಂಧ್ರದೊಳಗೆ ಧೂಳು ಬೀಳದಂತೆ ಎಚ್ಚರ ವಹಿಸಬೇಕು.

3. ಫ್ಯಾನ್, ಪುಲ್ಲಿಗಳು ಮತ್ತು ಹೊರ ಮುಚ್ಚಳವನ್ನು ಬಿಚ್ಚಬೇಕು. ಬೋಲ್ಟುಗಳ ಉದ್ದ ಬೇರೆ ಬೇರೆಯಾಗಿರಬಹುದಾದ್ದರಿಂದ ಅವನ್ನು ಬಿಚ್ಚಿದ ಕ್ರಮದಲ್ಲಿಯೇ ಒಂದು ರಟ್ಟಿನ ಮೇಲೆ ಜೋಡಿಸಿಡುವುದು ಒಳ್ಳೆಯ ಅಭ್ಯಾಸ.

4. ಹಳೆಯ ಬೆಲ್ಟ್ ಇರುವಾಗಲೇ ಗುರುತುಗಳನ್ನು ಹೊಂದಿಸಬೇಕು. ಎಂಜಿನ್ನನ್ನು ಕ್ರ್ಯಾಂಕ್ ಶಾಫ್ಟಿನ ಬೋಲ್ಟಿನ ಮೂಲಕ, ಮುಂದಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮಾತ್ರ, ನಿಧಾನವಾಗಿ ತಿರುಗಿಸಬೇಕು. ಕ್ಯಾಮ್ ಶಾಫ್ಟಿನ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ತಿರುಗಿಸಕೂಡದು. ಜಿಪ್ಸಿಯ 1.3 ಲೀಟರಿನ ಎಂಟು ಕವಾಟಗಳ ಎಂಜಿನ್ನಿನಲ್ಲಿ ಕ್ಯಾಮ್ ಪುಲ್ಲಿಯ ಗುರುತು ಮೇಲ್ಭಾಗದ ವಿ ಆಕಾರದ ಗುರುತಿಗೂ, ಕ್ರ್ಯಾಂಕಿನ ಹಲ್ಲುಪುಲ್ಲಿಯ ಗುರುತು ಆಯಿಲ್ ಪಂಪಿನ ಮೈಮೇಲಿರುವ ಬಾಣದ ಗುರುತಿಗೂ ಎದುರಾಗಬೇಕು. ಬೇರೆ ಮಾದರಿಗಳಿಗೆ ಅವುಗಳ ಕೈಪಿಡಿಯನ್ನೇ ನೋಡಬೇಕು.

5. ಈ ಸ್ಥಿತಿಯ ಒಂದು ಛಾಯಾಚಿತ್ರ ತೆಗೆದುಕೊಂಡರೆ ಮುಂದೆ ಸಂದೇಹ ಬಂದಾಗ ನೆರವಾಗುತ್ತದೆ. ಆಮೇಲೆ ಟೆನ್ಷನರನ್ನು ಸಡಿಲಿಸಿ ಹಳೆಯ ಬೆಲ್ಟನ್ನು ತೆಗೆಯಬೇಕು. ಬೆಲ್ಟ್ ಇಲ್ಲದ ವೇಳೆಯಲ್ಲಿ ಎರಡೂ ಶಾಫ್ಟುಗಳನ್ನು ತಿರುಗಿಸಬಾರದು.

6. ಸೀಲುಗಳನ್ನು ಬದಲಾಯಿಸಿ, ಹಲ್ಲುಪುಲ್ಲಿಗಳನ್ನು ಒಣ ಬಟ್ಟೆಯಿಂದ ಒರೆಸಬೇಕು. ಕ್ರ್ಯಾಂಕಿನ ಹಲ್ಲುಪುಲ್ಲಿಯನ್ನು ತೆಗೆದಿದ್ದರೆ ಅದನ್ನು ಸ್ಥಾನದಲ್ಲಿ ಹಿಡಿಯುವ ಕೀಲು ಮತ್ತು ಅದರ ಗಾಡಿ ಸವೆದಿಲ್ಲವೆಂದು ನೋಡಬೇಕು. ಬೋಲ್ಟನ್ನು ಅಂದಾಜಿನಿಂದ ಬಿಗಿಯದೆ, ಕೈಪಿಡಿಯಲ್ಲಿ ಹೇಳಿದ ಬಲಕ್ಕೆ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಈ ಬೋಲ್ಟ್ ಸಡಿಲವಾದರೆ ಕೀಲು ಸವೆದು ಟೈಮಿಂಗ್ ತಾನಾಗಿಯೇ ಜಾರುತ್ತದೆ.

7. ಹೊಸ ಬೆಲ್ಟನ್ನು ಬೆರಳುಗಳಿಂದಲೇ ಕೂರಿಸಬೇಕು. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕನ್ನು ತೋರಬೇಕು. ಟೆನ್ಷನರ್ ಇಲ್ಲದ ಬದಿಯಲ್ಲಿ ಬೆಲ್ಟ್ ನೆಟ್ಟಗೆ, ಸಡಿಲವಿಲ್ಲದೆ ಇರಬೇಕು. ಉಳಿದ ಸಡಿಲವೆಲ್ಲ ಟೆನ್ಷನರಿನ ಬದಿಗೆ ಬರಬೇಕು. ಅದನ್ನು ಸ್ಪ್ರಿಂಗ್ ತಾನೇ ಎಳೆದುಕೊಳ್ಳುವಂತೆ ಬಿಡಬೇಕು.

8. ಈಗ ಕ್ರ್ಯಾಂಕ್ ಶಾಫ್ಟನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಎದುರುಬದುರಾಗಿ ಬಂದಿವೆಯೇ ಎಂದು ನೋಡಬೇಕು. ಬಂದಿದ್ದರೆ ಟೆನ್ಷನರಿನ ಬೋಲ್ಟನ್ನು ಬಿಗಿಯಬೇಕು. ಒಂದು ಹಲ್ಲು ತಪ್ಪಿದ್ದರೂ ಬೆಲ್ಟನ್ನು ತೆಗೆದು ಮೊದಲಿನಿಂದ ಕೂರಿಸಬೇಕು. ತಿರುಗಿಸುವಾಗ ಎಲ್ಲಿಯಾದರೂ ಗಟ್ಟಿಯಾದ ತಡೆ ಸಿಕ್ಕಿದರೆ ಬಲ ಪ್ರಯೋಗಿಸದೆ ಅಲ್ಲಿಯೇ ನಿಲ್ಲಿಸಿ ಕಾರಣ ಹುಡುಕಬೇಕು.

ಈ ಎಂಟನೆಯ ಹಂತವೇ ಇಡೀ ಕೆಲಸದ ಜೀವಾಳ. ಹತ್ತು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಸ್ಟಾರ್ಟರ್ ಒತ್ತುವವರಿಗೆ ವಾಹನದ ಒಡೆಯರು ಅವಕಾಶ ಕೊಡಬಾರದು.

ಇಲ್ಲಿ ಅನೇಕರನ್ನು ಗೊಂದಲಕ್ಕೀಡುಮಾಡುವ ಒಂದು ಅಂಶವನ್ನು ಹೇಳುವುದು ಅವಶ್ಯ. ಈ ಎಂಜಿನ್ನಿನಲ್ಲಿ ಎರಡೂ ಗುರುತುಗಳು ಮೇಲೆ ಹೇಳಿದಂತೆ ಹೊಂದಿದಾಗ ಕಿಡಿಗೆ ಸಿದ್ಧವಾಗಿರುವುದು ಒಂದನೆಯ ಸಿಲಿಂಡರಲ್ಲ, ನಾಲ್ಕನೆಯದು. ಡಿಸ್ಟ್ರಿಬ್ಯೂಟರಿನ ರೋಟರ್ ನಾಲ್ಕನೆಯ ಸಿಲಿಂಡರಿನ ತಂತಿಯ ಕಡೆಗೆ ಮುಖಮಾಡಿರುವುದನ್ನು ಕಂಡು, ಟೈಮಿಂಗ್ ತಪ್ಪಿದೆಯೆಂದು ಭಾವಿಸಿ ಡಿಸ್ಟ್ರಿಬ್ಯೂಟರನ್ನು ಕಿತ್ತು ತಿರುಗಿಸಿ ಹಾಕುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಸಿಲಿಂಡರುಗಳಲ್ಲಿ ಕಿಡಿ ಹಾರುವ ಅನುಕ್ರಮ 1, 3, 4, 2 ಎಂಬುದನ್ನು ನೆನಪಿಡಬೇಕು.

ಕಿಡಿಯ ಸಮಯ ಮತ್ತು ಬೆಲ್ಟಿನ ಸಂಬಂಧ

ಕವಾಟಗಳಿಗೆ ಕಾಲ ನಿಗದಿಯಿರುವಂತೆ ಸ್ಪಾರ್ಕ್ ಪ್ಲಗ್ಗಿನ ಕಿಡಿಗೂ ಇದೆ. ಇದನ್ನು ಇಗ್ನಿಷನ್ ಟೈಮಿಂಗ್ ಎನ್ನುತ್ತಾರೆ. ಕಾರ್ಬ್ಯುರೇಟರ್ ಮಾದರಿಗಳಲ್ಲಿ ಡಿಸ್ಟ್ರಿಬ್ಯೂಟರಿನ ಮೈಯನ್ನು ಸ್ವಲ್ಪ ಹಿಂದೆ ಮುಂದೆ ತಿರುಗಿಸಿ, ಟೈಮಿಂಗ್ ಲೈಟ್ ಎಂಬ ಉಪಕರಣದ ನೆರವಿನಿಂದ ಇದನ್ನು ಹೊಂದಿಸಬಹುದು. ಕಾಂಟ್ಯಾಕ್ಟ್ ಬ್ರೇಕರ್ ಇರುವ ಹಳೆಯ ಡಿಸ್ಟ್ರಿಬ್ಯೂಟರುಗಳಲ್ಲಿ ಮೊದಲು ಅದರ ಅಂತರವನ್ನು ಸರಿಪಡಿಸಿ, ಆಮೇಲೆ ಕಿಡಿಯ ಸಮಯವನ್ನು ಹೊಂದಿಸಬೇಕು. ಆ ಅಂತರವು ಸಾಮಾನ್ಯವಾಗಿ 0.4ರಿಂದ 0.5 ಮಿಲಿಮೀಟರ್ ಇರುತ್ತದೆ. ಎಂಪಿಎಫ್ಐ ಮಾದರಿಗಳಲ್ಲಿ ಕಿಡಿಯ ಕಾಲವನ್ನು ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವು ನಿರ್ಧರಿಸುತ್ತದೆ.

ಡಿಸ್ಟ್ರಿಬ್ಯೂಟರನ್ನು ಕ್ಯಾಮ್ ಶಾಫ್ಟೇ ತಿರುಗಿಸುವುದರಿಂದ, ಬೆಲ್ಟ್ ಒಂದು ಹಲ್ಲು ಜಾರಿದರೆ ಕವಾಟಗಳ ಸಮಯದ ಜೊತೆಗೆ ಕಿಡಿಯ ಸಮಯವೂ ತಪ್ಪುತ್ತದೆ. ಆಗ ವಾಹನ ಏರಿನಲ್ಲಿ ಬಲಗುಂದುತ್ತದೆ, ನಿಂತಲ್ಲಿ ಎಂಜಿನ್ ನಡುಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಬಿಸಿಯಾಗುತ್ತದೆ. ಅವಸರದ ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಕಿಡಿಯನ್ನು ಮಾತ್ರ ಸರಿಪಡಿಸಿದರೆ ಎಂಜಿನ್ ಸ್ವಲ್ಪ ಸುಧಾರಿಸಿದಂತೆ ತೋರುತ್ತದೆ. ಆದರೆ ನಿಜವಾದ ದೋಷ, ಅಂದರೆ ಜಾರಿದ ಬೆಲ್ಟ್, ಒಳಗೇ ಉಳಿಯುತ್ತದೆ. ಸಕಾರಣವಿಲ್ಲದೆ ಕಿಡಿಯ ಸಮಯವು ಒಮ್ಮೆಲೇ ತಪ್ಪಿದ್ದು ಕಂಡುಬಂದರೆ, ಡಿಸ್ಟ್ರಿಬ್ಯೂಟರನ್ನು ಮುಟ್ಟುವ ಮೊದಲು ಬೆಲ್ಟಿನ ಗುರುತುಗಳನ್ನು ನೋಡಬೇಕೆಂಬುದು ನಿಯಮವಾಗಿರಲಿ.

ಟೈಮಿಂಗ್ ತಪ್ಪಿದ ಎಂಜಿನ್ ಹೊಗೆ ತಪಾಸಣೆಯಲ್ಲಿಯೂ ಸೋಲಬಹುದು. ಭಾರತ್ ಸ್ಟೇಜ್-2ಕ್ಕೆ ಹಿಂದಿನ ಮಾನದಂಡಗಳಂತೆ ತಯಾರಾದ ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳಿಗೆ, ಎಂಜಿನ್ ನಿಂತಲ್ಲಿ ಓಡುವಾಗ, ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇಕಡಾ 3 ಮತ್ತು ಹೈಡ್ರೋಕಾರ್ಬನ್ನಿನ ಮಿತಿ ಹತ್ತು ಲಕ್ಷದಲ್ಲಿ 1500 ಭಾಗ ಎಂದು ಕೇಂದ್ರ ಮೋಟಾರು ವಾಹನ ನಿಯಮಗಳು ಗೊತ್ತುಪಡಿಸಿವೆ. ಕಾರ್ಬ್ಯುರೇಟರನ್ನು ಎಷ್ಟು ಬಾರಿ ಹೊಂದಿಸಿದರೂ ಹೈಡ್ರೋಕಾರ್ಬನ್ ಇಳಿಯದಿದ್ದರೆ ಟೈಮಿಂಗನ್ನೂ ಪರೀಕ್ಷಿಸುವುದು ಸೂಕ್ತ.

ಬಿಡಿಭಾಗಗಳ ಖರೀದಿ

ಬೆಲ್ಟ್ ಅಗ್ಗದ ವಸ್ತುವೇ ಆದರೂ ನಕಲಿ ಮಾಲಿನ ಹಾವಳಿ ಇದಕ್ಕೂ ತಪ್ಪಿಲ್ಲ. ಅಧಿಕೃತ ಮಾರಾಟಗಾರರಲ್ಲಿ, ಭಾಗದ ಸಂಖ್ಯೆಯನ್ನು ತಾಳೆನೋಡಿ, ರಸೀದಿ ಪಡೆದು ಕೊಳ್ಳಬೇಕು. 970 ಘನ ಸೆಂಟಿಮೀಟರಿನ ಎಂಜಿನ್ನಿಗೂ 1298ರ ಎಂಜಿನ್ನಿಗೂ ಬೆಲ್ಟನ್ನು ಹೆಸರು ಹೇಳಿ ಕೇಳದೆ, ವಾಹನದ ಎಂಜಿನ್ ಸಂಖ್ಯೆ ಮತ್ತು ತಯಾರಾದ ವರ್ಷವನ್ನು ತಿಳಿಸಿ ಕೇಳಬೇಕು. ಹಳೆಯ ಬೆಲ್ಟನ್ನು ಹೊಸದರ ಪಕ್ಕದಲ್ಲಿಟ್ಟು ಹಲ್ಲುಗಳ ಸಂಖ್ಯೆ, ಆಕಾರ ಮತ್ತು ಅಗಲವನ್ನು ಹೋಲಿಸುವುದು ಕೊನೆಯ ಖಾತರಿ. ವರ್ಷಗಟ್ಟಲೆ ಅಂಗಡಿಯ ಕಪಾಟಿನಲ್ಲಿ ಮಡಿಸಿ ಬಿದ್ದಿದ್ದ ಬೆಲ್ಟನ್ನು, ಅದು ಅಸಲಿಯೇ ಆಗಿದ್ದರೂ, ಕೊಳ್ಳಬಾರದು. ನಕಲಿ ಮಾಲಿನಿಂದ ಮೋಸಹೋದವರು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಿಗೆ ರಸೀದಿಯೇ ಮುಖ್ಯ ಆಧಾರ.

ದಾಖಲೆಯ ಮಹತ್ವ

ಬೆಲ್ಟ್ ಹಾಕಿಸಿದ ದಿನಾಂಕ, ಮೀಟರಿನ ಅಂಕಿ, ಬದಲಾಯಿಸಿದ ಇತರ ಭಾಗಗಳು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಬೇಕು. ಒಂದು ಪ್ರತಿಯನ್ನು ವಾಹನದ ಕಾಗದಪತ್ರಗಳ ಜೊತೆ ಇಡಬೇಕು. ಕಚ್ಚಾ ದಾರಿಯಲ್ಲಿ ಕಳೆದ ದಿನಗಳನ್ನೂ, ದಾಟಿದ ಆಳವಾದ ಹಳ್ಳಗಳನ್ನೂ ಅದರಲ್ಲಿ ನಮೂದಿಸಿದರೆ ಮುಂದಿನ ಬೆಲ್ಟ್ ಯಾವಾಗ ಬೇಕೆಂಬುದನ್ನು ಮೀಟರಿಗಿಂತ ಸರಿಯಾಗಿ ನಿರ್ಧರಿಸಬಹುದು.

ಖಾಸಗಿ ವಾಹನದ ನೋಂದಣಿಯು ಮೊದಲಿಗೆ 15 ವರ್ಷಗಳವರೆಗೆ ಸಿಂಧುವಾಗಿದ್ದು, ಆ ಬಳಿಕ ತಪಾಸಣೆಗೆ ಒಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕಾಗುತ್ತದೆ. ದೆಹಲಿ ಮತ್ತು ಸುತ್ತಣ ರಾಷ್ಟ್ರೀಯ ರಾಜಧಾನಿ ವಲಯದಲ್ಲಿ ಹಳೆಯ ವಾಹನಗಳಿಗೆ ಪ್ರತ್ಯೇಕ ನಿರ್ಬಂಧಗಳಿವೆ. ನ್ಯಾಯಾಲಯಗಳ ಆದೇಶಗಳಿಗೆ ಅನುಗುಣವಾಗಿ ಅವು ಬದಲಾಗುತ್ತ ಬಂದಿರುವುದರಿಂದ, ಅಲ್ಲಿನ ಓದುಗರು ದುರಸ್ತಿಗೆ ಹಣ ತೊಡಗಿಸುವ ಮೊದಲು ಸಾರಿಗೆ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ನೆನಪಿಡತಕ್ಕ ಅಂಶಗಳು

ಬೆಲ್ಟಿನ ಆಯಸ್ಸನ್ನು ಕಿಲೋಮೀಟರಿನ ಜೊತೆಗೆ ವರ್ಷಗಳಲ್ಲಿಯೂ ಅಳೆಯಬೇಕು. ಇತಿಹಾಸ ತಿಳಿಯದ ಬೆಲ್ಟನ್ನು ಕೂಡಲೇ ಬದಲಾಯಿಸಬೇಕು. ಬೆಲ್ಟಿನ ಜೊತೆಗೆ ಟೆನ್ಷನರನ್ನೂ ಸೀಲುಗಳನ್ನೂ ಬದಲಾಯಿಸಬೇಕು. ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ನೋಡದೆ ಎಂಜಿನ್ ಹತ್ತಿಸಬಾರದು. ಬೆಲ್ಟ್ ತುಂಡಾದ ಸಂದೇಹವಿದ್ದರೆ ವಾಹನವನ್ನು ತಳ್ಳಿ ಹತ್ತಿಸಬಾರದು.

ಘಾಟಿಯ ತಿರುವಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಇಳಿಯುವಾಗ ಚಾಲಕನು ಬೆಲ್ಟನ್ನು ಕಾಣಲಾರನು, ಅದರ ಸದ್ದನ್ನು ಕೇಳಲಾರನು. ಅದು ಗಟ್ಟಿಯಾಗಿದೆ ಎಂಬ ಭರವಸೆಗೆ ಅವನಿಗಿರುವ ಆಧಾರ ಬಾನೆಟ್ಟಿನ ಒಳಗೆ ಅಂಟಿಸಿದ ಆ ಚೀಟಿಯ ದಿನಾಂಕ ಮಾತ್ರ. ಆ ದಿನಾಂಕವು ಐದು ವರ್ಷ ಮೀರದಂತೆ ನೋಡಿಕೊಳ್ಳುವುದು ಹಳೆಯ ಜಿಪ್ಸಿಯ ಪ್ರತಿಯೊಬ್ಬ ಒಡೆಯರ ಹೊಣೆ.